ಹೊಸ ಹವಳಗಳು ನಾಲ್ಕೇ ದಿನಗಳಲ್ಲಿ ಬಿಳಿಚಿಕೊಂಡಿವೆ. ದೀಪದ ಬೆಳಕಿಗೆ ಇವನ್ನು ಒಗ್ಗಿಸುವ ಕ್ರಮ ಯಾವುದು?

ಕದ್ರಿಗುಡ್ಡೆ, ಮಂಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಒಂದೂವರೆ ವರ್ಷದಿಂದ ಸಮುದ್ರದ ನೀರಿನ ಅಕ್ವೇರಿಯಂ ಒಂದನ್ನು ಇಟ್ಟುಕೊಂಡಿದ್ದೇನೆ. ಟ್ಯಾಂಕಿನ ಉದ್ದ ಮೂರು ಅಡಿ, ಅಗಲ ಮತ್ತು ಎತ್ತರ ಒಂದೂವರೆ ಅಡಿ. ಅದರ ಕೆಳಗೆ ನೀರು ಶೋಧಿಸಲು ಇಟ್ಟ ಸಂಪಿನಲ್ಲಿರುವುದನ್ನೂ ಸೇರಿಸಿದರೆ ಒಟ್ಟು ಸುಮಾರು 200 ಲೀಟರ್ ನೀರಿದೆ. ಇರುವ ಹವಳಗಳೆಲ್ಲ ಮೃದು ಜಾತಿಯವು: ಅಣಬೆಯಾಕಾರದ ಒಂದು ಲೆದರ್, ಹಿಂಬದಿಯ ಕಲ್ಲಿನ ಮೇಲೆ ಹಬ್ಬಿಕೊಂಡಿರುವ ಗ್ರೀನ್ ಸ್ಟಾರ್ ಪಾಲಿಪ್, ಒಂದಿಷ್ಟು ಜೊಯಾಂಥಿಡ್. ಎಂಟು ತಿಂಗಳ ಹಿಂದೆ ಹಳೆಯ ಟ್ಯೂಬ್ ದೀಪಗಳನ್ನು ತೆಗೆದು ಎರಡು ಎಲ್‌ಇಡಿ ದೀಪಗಳನ್ನು ಹಾಕಿಸಿದೆ. ಆಮೇಲೆ ಇವುಗಳ ಬಣ್ಣವೂ ಬೆಳವಣಿಗೆಯೂ ಸುಧಾರಿಸಿದ್ದರಿಂದ ದೀಪದ ವಿಷಯದಲ್ಲಿ ನನಗೆ ಸ್ವಲ್ಪ ಹೆಚ್ಚೇ ಧೈರ್ಯ ಬಂದಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಹೋದ ಶನಿವಾರ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಹೊಸ ಹವಳಗಳನ್ನು ತರಿಸಿಕೊಂಡೆ. ಒಂದು ಕಲ್ಲಿನ ಮೇಲೆ ಆರು ಮಶ್ರೂಮ್ ಹವಳಗಳು, ಜೊಯಾಂಥಿಡ್‌ನ ಎರಡು ಫ್ರ್ಯಾಗ್‌ಗಳು (ಬೆಳೆಸಲೆಂದು ಕತ್ತರಿಸಿದ ಸಣ್ಣ ತುಂಡುಗಳು), ಬೆರಳುಗಳಂತೆ ಕವಲೊಡೆದ ಒಂದು ಸಣ್ಣ ಫಿಂಗರ್ ಲೆದರ್. ಥರ್ಮೊಕೋಲ್ ಪೆಟ್ಟಿಗೆಯ ಕತ್ತಲಿನಲ್ಲಿ ಅವು ಹೆಚ್ಚುಕಡಿಮೆ ಹದಿನಾಲ್ಕು ಗಂಟೆ ಕಳೆದಿದ್ದವು. ಚೀಲಗಳನ್ನು ನೀರಿನಲ್ಲಿ ತೇಲಿಬಿಟ್ಟು ಉಷ್ಣತೆ ಸಮವಾಗುವಂತೆ ಮಾಡಿ, ಒಂದು ಗಂಟೆ ಹನಿಹನಿಯಾಗಿ ಟ್ಯಾಂಕಿನ ನೀರು ಸೇರಿಸಿ, ನಂತರವೇ ಒಳಗೆ ಬಿಟ್ಟೆ. ನೀರಿಗೆ ಒಗ್ಗಿಸುವ ಕೆಲಸದಲ್ಲಿ ಲೋಪವಾಗಿಲ್ಲವೆಂದು ನನ್ನ ನಂಬಿಕೆ. ಆದರೆ ಚೆನ್ನಾಗಿ ಕಾಣಲೆಂಬ ಆಸೆಯಿಂದ ಅವನ್ನು ಕಲ್ಲುಗಳ ಮೇಲ್ಭಾಗದಲ್ಲಿ, ನೀರಿನ ಮಟ್ಟದಿಂದ ಆರೇಳು ಅಂಗುಲ ಕೆಳಗೆ, ದೀಪದ ನೇರಕ್ಕೇ ಇರಿಸಿದೆ. ದೀಪ ನೀರಿನಿಂದ 20 ಸೆಂಟಿಮೀಟರ್ ಮೇಲಿದೆ, ನೀಲಿ ಶೇ. 90, ಬಿಳಿ ಶೇ. 50, ದಿನಕ್ಕೆ ಹತ್ತು ಗಂಟೆ ಉರಿಯುತ್ತದೆ.

ಎರಡನೆಯ ದಿನವೇ ಮಶ್ರೂಮ್‌ಗಳು ಗುಂಡಿಯಷ್ಟಕ್ಕೆ ಕುಗ್ಗಿದವು. ನಾಲ್ಕನೆಯ ದಿನಕ್ಕೆ ಅವುಗಳ ಕೆಂಪು ಹೋಗಿ ತಿಳಿಗುಲಾಬಿಯಾಯಿತು. ಎರಡರ ಅಂಚು ಬಿಳಿಯೇ ಆಗಿದೆ. ಜೊಯಾಂಥಿಡ್‌ಗಳು ಇನ್ನೂ ಬಾಯಿ ತೆರೆದಿಲ್ಲ. ಫಿಂಗರ್ ಲೆದರ್ ಬಾಡಿದ ಬಸಳೆಯ ದಂಟಿನಂತೆ ಒಂದು ಕಡೆಗೆ ವಾಲಿದೆ. ನೀರಿನ ಸಾಪೇಕ್ಷ ಸಾಂದ್ರತೆ 1.025, ಉಷ್ಣತೆ 26.5ರಿಂದ 27.5 ಡಿಗ್ರಿ, ನೈಟ್ರೇಟ್ 5, ಕ್ಷಾರೀಯತೆ 8.2 ಡಿಕೆಎಚ್, ಫಾಸ್ಫೇಟ್ ಪರೀಕ್ಷೆಯಲ್ಲಿ ಬಣ್ಣವೇ ಬರುವುದಿಲ್ಲ.

ಇದು ಬೆಳಕಿನ ಆಘಾತವೇ? ಆಗಿದ್ದರೆ ಹವಳಗಳನ್ನು ಕೆಳಗಿಳಿಸಬೇಕೋ, ದೀಪದ ಬೆಳಕನ್ನು ತಗ್ಗಿಸಬೇಕೋ? ಒಗ್ಗಿಕೊಳ್ಳಲು ಎಷ್ಟು ದಿನ ಬೇಕು? ಹವಳಕ್ಕೆ ಸಿಗುವ ಬೆಳಕನ್ನು ಅಳೆಯುವ ಪಾರ್ ಮೀಟರ್ ನನ್ನಲ್ಲಿ ಇಲ್ಲ. ಮೊಬೈಲಿನ ಲಕ್ಸ್ ಆ್ಯಪ್ ನೀರಿನ ಮೇಲ್ಮೈಯಲ್ಲಿ ತೋರಿಸುವ ಅಂಕಿ ಅಷ್ಟೇನೂ ದೊಡ್ಡದಲ್ಲ, ಅದಕ್ಕೇ ಗೊಂದಲ. ಇದೇ ಮಾರಾಟಗಾರರು ಮುಂದಿನ ತಿಂಗಳು ಟಾರ್ಚ್ ಹವಳ ಕೊಡುವುದಾಗಿಯೂ ಹೇಳಿದ್ದಾರೆ. ಅದಕ್ಕೆ ಮೊದಲು ಈ ಪಾಠ ಕಲಿತುಕೊಳ್ಳಬೇಕೆಂದಿದ್ದೇನೆ.

ಮಣ್ಣಪಳ್ಳ, ಮಣಿಪಾಲ

ನಮಸ್ಕಾರ. ನೀವು ಕೊಟ್ಟಿರುವ ಲಕ್ಷಣಗಳು ಬೆಳಕಿನ ಆಘಾತದವೇ ಎಂದು ಬಹುಮಟ್ಟಿಗೆ ಹೇಳಬಹುದು. ಆದರೂ ‘ಬೆಳಕು ಹೆಚ್ಚಾಯಿತು’ ಎನ್ನುವುದಕ್ಕಿಂತ ‘ಬೆಳಕು ಒಮ್ಮೆಲೇ ಹೆಚ್ಚಾಯಿತು’ ಎನ್ನುವುದು ಸರಿ. ಈ ಎರಡು ಮಾತುಗಳ ನಡುವಿನ ಅಂತರದಲ್ಲಿಯೇ ನಿಮ್ಮ ಪ್ರಶ್ನೆಗೆ ಉತ್ತರವಿದೆ.

ಹವಳದ ಅಂಗಾಂಶದೊಳಗೆ ಜೂಜಾಂಥೆಲೆ ಎಂಬ ಸೂಕ್ಷ್ಮ ಪಾಚಿಗಳು ವಾಸವಾಗಿರುತ್ತವೆ ಎಂಬುದು ನಿಮಗೆ ತಿಳಿದೇ ಇದೆ. ಅವು ಬೆಳಕಿನಿಂದ ಆಹಾರ ತಯಾರಿಸಿ ಅದರ ದೊಡ್ಡ ಪಾಲನ್ನು ಹವಳಕ್ಕೆ ಕೊಡುತ್ತವೆ. ಮಂದ ಬೆಳಕಿನಲ್ಲಿದ್ದ ಹವಳ ಸಿಕ್ಕಷ್ಟು ಬೆಳಕನ್ನೂ ಬಿಡದೆ ಹಿಡಿಯಲೆಂದು ಪ್ರತಿ ಪಾಚಿಕೋಶದಲ್ಲೂ ಹೆಚ್ಚು ಹರಿತ್ತನ್ನು ತುಂಬಿಕೊಂಡಿರುತ್ತದೆ, ಎಷ್ಟೋ ಸಲ ಕೋಶಗಳ ಸಂಖ್ಯೆಯನ್ನೂ ಹೆಚ್ಚಿಸಿಕೊಂಡಿರುತ್ತದೆ. ಮಂದ ಬೆಳಕಿನ ಟ್ಯಾಂಕುಗಳಲ್ಲಿ ಹವಳಗಳು ಕಂದಾಗುವುದು ಇದರಿಂದಲೇ. ಹೀಗೆ ಸಜ್ಜಾಗಿರುವ ಹವಳದ ಮೇಲೆ ಒಂದು ಬೆಳಿಗ್ಗೆ ಮೂರು ಪಟ್ಟು, ನಾಲ್ಕು ಪಟ್ಟು ಬೆಳಕು ಬಿದ್ದರೆ, ಹಿಡಿದ ಬೆಳಕನ್ನೆಲ್ಲ ಆಹಾರವಾಗಿ ಮಾರ್ಪಡಿಸುವ ಶಕ್ತಿ ಅದಕ್ಕಿರುವುದಿಲ್ಲ. ಮಿಕ್ಕ ಶಕ್ತಿ ಆಮ್ಲಜನಕದ ಉಗ್ರ ರೂಪಗಳನ್ನು ಹುಟ್ಟಿಸುತ್ತದೆ. ಅವು ಪಾಚಿಯನ್ನೂ ಹವಳದ ಅಂಗಾಂಶವನ್ನೂ ಸುಡುತ್ತವೆ. ಆಗ ಹವಳ ತನ್ನ ಪಾಚಿಯನ್ನೇ ಹೊರಹಾಕುತ್ತದೆ. ನೀವು ನೋಡುತ್ತಿರುವ ತಿಳಿಗುಲಾಬಿ ಅದರ ಆರಂಭ.

ಇನ್ನೊಂದು ವಿಷಯವನ್ನೂ ಗಮನಿಸಬೇಕು. ಬೆಳಕು ಹಿಡಿಯುವ ಯಂತ್ರಾಂಗದಲ್ಲಿರುವ ಒಂದು ಪ್ರೋಟೀನು ಸಾಧಾರಣ ಬೆಳಕಿನಲ್ಲಿಯೂ ನಿತ್ಯ ಹಾಳಾಗುತ್ತಿರುತ್ತದೆ, ನಿತ್ಯ ದುರಸ್ತಿಯಾಗುತ್ತಿರುತ್ತದೆ. ಹಾಳಾಗುವ ವೇಗ ದುರಸ್ತಿಯ ವೇಗವನ್ನು ದಾಟಿದ ದಿನವೇ ತೊಂದರೆ ಶುರು. ನೀರು ಬೆಚ್ಚಗಾದಷ್ಟೂ ದುರಸ್ತಿ ನಿಧಾನವಾಗುತ್ತದೆ. ಪೋಷಕಾಂಶ ತೀರ ಕಡಿಮೆಯಾದರೂ ಬೆಳಕನ್ನು ತಾಳುವ ಶಕ್ತಿ ಇಳಿಯುತ್ತದೆ. ಅಂದರೆ ಒಂದೇ ದೀಪ ಒಂದು ಟ್ಯಾಂಕಿನಲ್ಲಿ ಹಿತವಾಗಿದ್ದು ಮತ್ತೊಂದರಲ್ಲಿ ಅತಿಯಾಗಬಹುದು. ನಿಮ್ಮ ಫಾಸ್ಫೇಟ್ ಪರೀಕ್ಷೆಯಲ್ಲಿ ಬಣ್ಣವೇ ಬರುವುದಿಲ್ಲವೆಂಬ ಮಾತು ನನಗೆ ಅಷ್ಟು ಸಮಾಧಾನ ಕೊಡಲಿಲ್ಲ. ಶುದ್ಧ ನೀರೆಂದು ಅನೇಕರು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಆದರೆ ಪ್ರಖರವಾದ ಬೆಳಕು ಮತ್ತು ಸೊನ್ನೆ ಫಾಸ್ಫೇಟ್ ಕೆಟ್ಟ ಜೋಡಿ. ಲೀಟರಿಗೆ 0.03ರಿಂದ 0.1 ಮಿಲಿಗ್ರಾಂ ಇದ್ದರೆ ಭಯವಿಲ್ಲ.

ಮೊಬೈಲಿನ ಲಕ್ಸ್ ಆ್ಯಪನ್ನು ಈ ಕೆಲಸಕ್ಕೆ ನಂಬಬೇಡಿ. ಲಕ್ಸ್ ಎಂಬುದು ಮನುಷ್ಯನ ಕಣ್ಣಿಗೆ ಕಾಣುವ ಹೊಳಪಿನ ಅಳತೆ. ನಮ್ಮ ಕಣ್ಣು ಹಸಿರಿಗೆ ಅತಿ ಸೂಕ್ಷ್ಮ, ಕಡುನೀಲಿಗೆ ಬಹಳ ಮಂದ. ಜೂಜಾಂಥೆಲೆ ಹೆಚ್ಚಾಗಿ ಬಳಸುವುದೋ ನೀಲಿಯನ್ನು. ನಿಮ್ಮ ದೀಪ ಕೊಡುವುದೂ ಹೆಚ್ಚಾಗಿ ಅದನ್ನೇ. ಹಾಗಾಗಿ ಅಂಕಿ ಚಿಕ್ಕದಾಗಿ ಕಂಡರೂ ಹವಳದ ಮೇಲೆ ಬೀಳುವ ಹೊರೆ ದೊಡ್ಡದೇ. ಪಾರ್ ಮೀಟರ್ ಬಣ್ಣದ ಗೊಡವೆಯಿಲ್ಲದೆ, ಒಂದು ಚದರ ಮೀಟರಿನ ಮೇಲೆ ಸೆಕೆಂಡಿಗೆ ಎಷ್ಟು ಮೈಕ್ರೋಮೋಲ್ ಫೋಟಾನ್‌ಗಳು ಬೀಳುತ್ತವೆಂದು ಎಣಿಸುತ್ತದೆ. ಮಶ್ರೂಮ್‌ಗಳಿಗೆ ಸಾಮಾನ್ಯವಾಗಿ 50ರಿಂದ 100 ಪಾರ್ ಸಾಕು; ಜೊಯಾಂಥಿಡ್‌ಗಳಿಗೆ 150ರ ಒಳಗೆ; ಲೆದರ್‌ಗಳು 100ರಿಂದ 200ರವರೆಗೆ ಸುಖವಾಗಿರುತ್ತವೆ. ಹೊರದೇಶದ ವಿಡಿಯೋಗಳಲ್ಲಿ ಕೇಳಿಬರುವ 300, 400 ಎಂಬ ಅಂಕಿಗಳು ಅಕ್ರೊಪೊರದಂಥ ಗಟ್ಟಿ ಹವಳಗಳವು. ಅವನ್ನು ನೋಡಿ ದೀಪ ಹೊಂದಿಸಿಕೊಂಡವರು ನೀವೊಬ್ಬರೇ ಅಲ್ಲ.

ಪರಿಹಾರ ಹೇಳುವ ಮುನ್ನ ಎರಡು ವಿಷಯ ತಿಳಿಯಬೇಕು. ಒಂದು, ನಿಮ್ಮ ಹಳೆಯ ಹವಳಗಳು ಈ ನಾಲ್ಕು ದಿನ ಹೇಗಿವೆ? ಎರಡು, ಹೊಸವು ಬರುವ ಹಿಂದುಮುಂದಿನ ದಿನಗಳಲ್ಲಿ ಟ್ಯಾಂಕಿನಲ್ಲಿ ಬೇರೆ ಏನನ್ನಾದರೂ ಬದಲಾಯಿಸಿದಿರಾ?

ತೋಟದಮನೆ, ಕುಲಶೇಖರ

ಮೇಲಿನವರು ಕಾರಣವನ್ನು ವಿವರವಾಗಿ ಬರೆದಿರುವುದರಿಂದ ನಾನು ಕೈಕೆಲಸದ ಮಾತನ್ನಷ್ಟೇ ಬರೆಯುತ್ತೇನೆ. ನಮ್ಮ ಮೂಲಮನೆ ಪುತ್ತೂರಿನ ಕಡೆ, ಅಡಿಕೆ ತೋಟವಿದೆ. ಎಳೆಯ ಅಡಿಕೆ ಗಿಡದ ಕಾಂಡಕ್ಕೆ ನೈಋತ್ಯ ದಿಕ್ಕಿನ ಸಂಜೆ ಬಿಸಿಲು ತಾಗಿ ಸುಡದಂತೆ ಸೋಗೆ ಕಟ್ಟುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಸಸಿಮಡಿಯ ಮೇಲೆ ಹಾಕಿದ ಮಡಲಿನ ಚಪ್ಪರವನ್ನೂ ಯಾರೂ ಒಂದೇ ದಿನ ಕಿತ್ತೆಸೆಯುವುದಿಲ್ಲ, ಅಷ್ಟಷ್ಟೇ ಬಿಡಿಸುತ್ತಾ ಬರುತ್ತಾರೆ. ಹವಳಕ್ಕೆ ನಾನು ಮಾಡುವುದೂ ಇಷ್ಟೇ, ಮಡಲಿನ ಬದಲು ಸೊಳ್ಳೆಯ ಜಾಲರಿ.

ಕಿಟಕಿಗೆ ಹಾಕುವ ಫೈಬರ್ ಅಥವಾ ನೈಲಾನ್ ಜಾಲರಿಯನ್ನು ತನ್ನಿ. ಲೋಹದ್ದು ಖಂಡಿತ ಬೇಡ, ಉಪ್ಪು ನೀರು ಸಿಡಿದು ತುಕ್ಕು ಹಿಡಿದರೆ ಅದೆಲ್ಲ ನೀರಿಗೇ ಇಳಿಯುತ್ತದೆ. ಹೊಸ ಹವಳಗಳಿರುವ ಭಾಗಕ್ಕೆ ಸಾಕಾಗುವಷ್ಟು ತುಂಡು ಮಾಡಿ ನಾಲ್ಕು ಪದರಗಳನ್ನು ಒಂದರ ಮೇಲೊಂದು ಹಾಕಿ, ಟ್ಯಾಂಕಿನ ಮೇಲೆ ಆ ಭಾಗಕ್ಕೆ ಮಾತ್ರ ಹೊದಿಸಿ. ನಾನು ಬಳಸುವ ಜಾಲರಿಯ ಒಂದು ಪದರ ಸುಮಾರು ಕಾಲು ಪಾಲು ಬೆಳಕನ್ನು ತಡೆಯುತ್ತದೆ. ನಾಲ್ಕು ಪದರಗಳಾದರೆ ಕೆಳಗೆ ಹೋಗುವುದು ಮೂರನೇ ಒಂದಂಶಕ್ಕಿಂತ ಕಡಿಮೆ. ವಾರಕ್ಕೊಂದು ಪದರ ತೆಗೆಯಿರಿ. ತೆಗೆದ ಮರುದಿನ ಹವಳ ಮುದುಡಿದರೆ ಅದೇ ಪದರವನ್ನು ಮತ್ತೆ ಹಾಕಿ ಇನ್ನೊಂದು ವಾರ ಕಾಯಿರಿ. ನಾಲ್ಕೈದು ವಾರ ಹಿಡಿಯುತ್ತದೆ. ಖರ್ಚು ಏನೇನೂ ಇಲ್ಲ.

ಈ ಕ್ರಮವನ್ನು ನಾನು ಮೆಚ್ಚುವುದಕ್ಕೆ ಕಾರಣವಿದೆ. ಹವಳವನ್ನು ಮೊದಲು ತಳದ ಮರಳಿನ ಮೇಲಿಟ್ಟು ವಾರಕ್ಕೆ ನಾಲ್ಕು ಅಂಗುಲದಂತೆ ಮೇಲಕ್ಕೆ ಏರಿಸಬೇಕೆಂದು ಎಲ್ಲ ಕಡೆ ಬರೆಯುತ್ತಾರೆ. ಕೇಳಲು ಸುಲಭ. ಆದರೆ ಪ್ರತಿ ಸಲ ಜಾಗ ಬದಲಾದಾಗ ಬೆಳಕಿನ ಜೊತೆಗೆ ನೀರಿನ ಹರಿವು, ಬೆಳಕು ಬೀಳುವ ಕೋನ, ಪಕ್ಕದ ಹವಳದ ಸಹವಾಸ, ಎಲ್ಲವೂ ಬದಲಾಗುತ್ತವೆ. ಒಂದಕ್ಕೆ ಒಗ್ಗುವಷ್ಟರಲ್ಲಿ ಇನ್ನೊಂದು ಎದುರಾಗುತ್ತದೆ. ತಳದ ಮರಳು ಮೈಮೇಲೆ ಕೂತರೆ ಅದೂ ಒಂದು ಕಿರಿಕಿರಿ. ಹವಳ ಕೊನೆಗೆ ಎಲ್ಲಿರಬೇಕೋ ಅಲ್ಲಿಯೇ ಮೊದಲ ದಿನ ಅಂಟಿಸಿ, ನೆರಳನ್ನು ಮಾತ್ರ ಕಡಿಮೆ ಮಾಡುತ್ತಾ ಹೋಗುವುದು ನನ್ನ ಅನುಭವದಲ್ಲಿ ಉತ್ತಮ. ಅದಕ್ಕೇ ದೀಪವನ್ನು ಮುಟ್ಟಬೇಡಿ ಎನ್ನುತ್ತೇನೆ. ಹೊಸ ಸೊಸೆ ಬಂದಳೆಂದು ಮನೆಯವರೆಲ್ಲ ಉಪವಾಸ ಕೂರಬೇಕಾಗಿಲ್ಲ. ಹಳೆಯ ಹವಳಗಳ ಬೆಳಕನ್ನು ಏಕೆ ಕಡಿಮೆ ಮಾಡಬೇಕು?

ಆದರೆ ನಿಮ್ಮ ಮಶ್ರೂಮ್‌ಗಳ ಮಾತೇ ಬೇರೆ. ಅವುಗಳಿಗೆ ಮೇಲಿನ ಜಾಗ ಮೊದಲಿನಿಂದಲೂ ಸಲ್ಲದು. ಒಂದೇ ಒಂದು ಸಲ ಎತ್ತಿ ಕೆಳಗಿನ ಮೂಲೆಯಲ್ಲಿ, ಹರಿವು ಕಡಿಮೆ ಇರುವಲ್ಲಿ ಇಟ್ಟುಬಿಡಿ, ಆಮೇಲೆ ಅವುಗಳ ಗೋಜಿಗೆ ಹೋಗಬೇಡಿ. ದೀಪವನ್ನು ಮೇಲಕ್ಕೆತ್ತುವ ಉಪಾಯ ಯಾರಾದರೂ ಹೇಳಿದರೆ ಅದರ ಲೆಕ್ಕವನ್ನೂ ತಿಳಿದುಕೊಳ್ಳಿ. ಹವಳಕ್ಕೂ ದೀಪಕ್ಕೂ ನಡುವೆ 40 ಸೆಂಟಿಮೀಟರ್ ಇದ್ದದ್ದನ್ನು 50 ಮಾಡಿದರೆ ದೂರದ ವರ್ಗದ ಲೆಕ್ಕದಂತೆ ಬೆಳಕು ಶೇ. 64ಕ್ಕೆ ಇಳಿಯಬೇಕು. ಲೆನ್ಸ್ ಇರುವ ಎಲ್‌ಇಡಿಗಳಲ್ಲಿ, ಗಾಜಿನ ಗೋಡೆಗಳು ಬೆಳಕನ್ನು ಮತ್ತೆ ಒಳಕ್ಕೇ ಹೊರಳಿಸುವ ಟ್ಯಾಂಕಿನಲ್ಲಿ ಅಷ್ಟು ಇಳಿಯುವುದಿಲ್ಲ.

ಕದ್ರಿಗುಡ್ಡೆ, ಮಂಗಳೂರು

ಇಬ್ಬರಿಗೂ ಕೃತಜ್ಞತೆಗಳು. ಮಣಿಪಾಲದವರ ಪ್ರಶ್ನೆಗಳನ್ನು ಓದಿದ ಮೇಲೆ ಟ್ಯಾಂಕಿನ ಎದುರು ಕುಳಿತು ಹಳೆಯ ಹವಳಗಳನ್ನು ಗಮನಿಸಿದೆ. ಅಣಬೆ ಲೆದರ್ ಭಾನುವಾರದಿಂದ ಪಾಲಿಪ್‌ಗಳನ್ನು, ಅಂದರೆ ಮೈಮೇಲಿನ ಪುಟ್ಟ ಹೂವಿನಂಥ ಬಾಯಿಗಳನ್ನು, ಹೊರಚಾಚಿಲ್ಲ. ಅದು ಆಗಾಗ ಮೇಣದಂಥ ಪೊರೆ ಕಳಚುವುದರಿಂದ ಈ ಸಲವೂ ಅದೇ ಇರಬೇಕೆಂದು ತಿಳಿದು ಸುಮ್ಮನಿದ್ದೆ. ಹಳೆಯ ಜೊಯಾಂಥಿಡ್‌ಗಳಲ್ಲಿ ಮೇಲ್ಗಡೆಯವು ಮಧ್ಯಾಹ್ನದ ಹೊತ್ತಿಗೆ ಅರ್ಧ ಮುಚ್ಚಿಕೊಳ್ಳುತ್ತಿವೆ. ಗ್ರೀನ್ ಸ್ಟಾರ್ ಪಾಲಿಪ್ ಮಾತ್ರ ಏನೂ ಆಗದಂತೆ ಅರಳಿ ನಿಂತಿದೆ.

ಎರಡನೆಯ ಪ್ರಶ್ನೆಗೆ ಉತ್ತರ ಬರೆಯಲು ಸಂಕೋಚವಾಗುತ್ತಿದೆ. ಮನೆಗೆ ನೆಂಟರು ಬರುವ ಮುನ್ನ ಅಂಗಳ ಗುಡಿಸುವ ಹಾಗೆ, ಹೊಸ ಹವಳಗಳು ಬರುವ ಹಿಂದಿನ ದಿನ ಟ್ಯಾಂಕನ್ನೆಲ್ಲ ಸ್ವಚ್ಛಮಾಡಿದ್ದೆ. ಮೂರು ತಿಂಗಳಿಂದ ಖಾಲಿಯಿದ್ದ ಚೀಲಕ್ಕೆ ಹೊಸ ಆಕ್ಟಿವೇಟೆಡ್ ಕಾರ್ಬನ್ (ನೀರು ಶೋಧಿಸುವ ಇದ್ದಿಲು) ತುಂಬಿಸಿ ಸಂಪಿನಲ್ಲಿಟ್ಟೆ. ಮೇಲಿನ ಗಾಜಿನ ಮುಚ್ಚಳದ ಮೇಲೆ ಉಪ್ಪು ಬೆಳ್ಳಗೆ ಕಟ್ಟಿಕೊಂಡಿತ್ತು. ಅದನ್ನು ವಿನೆಗರ್ ಹಾಕಿ ಉಜ್ಜಿ, ಸಿಹಿನೀರಿನಲ್ಲಿ ತೊಳೆದು, ಕನ್ನಡಿಯಂತೆ ಮಾಡಿದೆ. ನೀರು ಈಗ ಗಾಳಿಯಂತೆ ತಿಳಿಯಾಗಿದೆ ಎಂದು ಮನೆಯವರು ಹೊಗಳಿದರು. ದೀಪದ ಅಂಕಿಗಳನ್ನು ನಾನು ಬದಲಾಯಿಸಿಲ್ಲವಾದ್ದರಿಂದ ಬೆಳಕು ಹೆಚ್ಚಾಗಿರಬಹುದೆಂದು ತೋಚಲೇ ಇಲ್ಲ.

ಮಣ್ಣಪಳ್ಳ, ಮಣಿಪಾಲ

ಹಾಗಾದರೆ ಸಂಗತಿ ಸ್ಪಷ್ಟವಾಯಿತು. ನಿಮ್ಮ ಹೊಸ ಹವಳಗಳು ಒಂದೇ ದಿನ ಮೂರು ಏರಿಕೆಗಳನ್ನು ಕಂಡಿವೆ: ಅಂಗಡಿಯ ಮಂದ ಬೆಳಕಿನಿಂದ ನಿಮ್ಮ ದೀಪದ ನೇರಕ್ಕೆ, ಮಸುಕು ಮುಚ್ಚಳದಿಂದ ಸ್ವಚ್ಛ ಗಾಜಿಗೆ, ಹಳದಿ ನೀರಿನಿಂದ ತಿಳಿನೀರಿಗೆ. ಹಳೆಯವು ಕಂಡಿದ್ದು ಕೊನೆಯ ಎರಡನ್ನು ಮಾತ್ರ, ಆದ್ದರಿಂದ ಮುದುಡಿದರೂ ಬಿಳಿಚಿಕೊಂಡಿಲ್ಲ. ಗ್ರೀನ್ ಸ್ಟಾರ್ ಪಾಲಿಪ್ ಗಟ್ಟಿ ಜೀವ, ಅದರ ಸಾಕ್ಷ್ಯವನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.

ಕಾರ್ಬನ್ನಿನ ವಿಷಯ ತುಸು ಬಿಡಿಸಿ ಹೇಳುವುದು ಒಳ್ಳೆಯದು, ಏಕೆಂದರೆ ಬಹಳ ಜನ ಇದರಲ್ಲಿ ಎಡವುತ್ತಾರೆ. ಮೀನಿನ ಆಹಾರ, ಪಾಚಿ, ಹವಳಗಳ ಸ್ರಾವ ಇವುಗಳಿಂದ ನೀರಿನಲ್ಲಿ ಹಳದಿ ಬಣ್ಣದ ಸಾವಯವ ಪದಾರ್ಥಗಳು ಕರಗಿಕೊಂಡು ತಿಂಗಳುಗಟ್ಟಲೆ ಸೇರುತ್ತಾ ಹೋಗುತ್ತವೆ. ದಿನವೂ ನೋಡುವ ಕಣ್ಣಿಗೆ ಇದು ತಿಳಿಯುವುದಿಲ್ಲ; ಬಿಳಿ ಬಕೆಟ್ಟಿಗೆ ಟ್ಯಾಂಕಿನ ನೀರು ತುಂಬಿಸಿ, ಪಕ್ಕದ ಬಕೆಟ್ಟಿನಲ್ಲಿ ಹೊಸದಾಗಿ ಕಲಸಿದ ಉಪ್ಪು ನೀರನ್ನಿಟ್ಟು ನೋಡಿದರೆ ತಿಳಿಯುತ್ತದೆ. ಹಳದಿ ಪದಾರ್ಥ ನೀಲಿ ಬೆಳಕನ್ನೇ ಹೆಚ್ಚಾಗಿ ಹೀರುತ್ತದೆ, ನಿಮ್ಮ ದೀಪವೋ ಬಹುಪಾಲು ನೀಲಿಯೇ. ಹೊಸ ಕಾರ್ಬನ್ ಒಂದೆರಡು ದಿನಗಳಲ್ಲಿಯೇ ಆ ಹಳದಿಯನ್ನು ಎಳೆದುಕೊಂಡುಬಿಡುತ್ತದೆ. ದೀಪದ ಗುಂಡಿ ಮುಟ್ಟದೆಯೇ ಹವಳಗಳ ಮೇಲಿನ ಪರದೆಯನ್ನು ನೀವು ಸರಿಸಿದಂತಾಯಿತು.

ಈಗ ಮಾಡಬೇಕಾದದ್ದು. ತೋಟದಮನೆಯವರ ಜಾಲರಿ ನನಗೂ ಒಪ್ಪಿಗೆಯೇ, ಹಳೆಯ ಹವಳಗಳು ಸುಖವಾಗಿದ್ದಿದ್ದರೆ ಅದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ. ಆದರೆ ಇಲ್ಲಿ ಹಳೆಯವೂ ಮುದುಡಿರುವುದರಿಂದ ದೀಪವನ್ನೇ ತಗ್ಗಿಸುವುದು ಸರಿ. ನೀಲಿಯನ್ನು ಶೇ. 50ಕ್ಕೆ, ಬಿಳಿಯನ್ನು ಶೇ. 15ಕ್ಕೆ ಇಂದೇ ಇಳಿಸಿ. ಕಣ್ಣಿಗೆ ಅಷ್ಟೇನೂ ವ್ಯತ್ಯಾಸ ಕಾಣುವುದಿಲ್ಲ, ಕಣ್ಣು ಹೊಂದಿಕೊಳ್ಳುವುದರಲ್ಲಿ ಬಹಳ ಜಾಣ. ಅದನ್ನು ನೋಡಿ ಇಳಿಸಿದ್ದು ಸಾಲದೆಂದು ಇನ್ನೂ ಇಳಿಸಬೇಡಿ. ಒಂದು ವಾರ ಹಾಗೆಯೇ ಬಿಟ್ಟು, ಆಮೇಲೆ ನಾಲ್ಕು ದಿನಕ್ಕೊಮ್ಮೆ ಶೇ. 5ರಂತೆ ನೀಲಿಯನ್ನು ಏರಿಸಿ. ಹಳೆಯವೆಲ್ಲ ಅರಳಿ, ಹೊಸವು ಮಾತ್ರ ತಡವರಿಸಿದರೆ ಆಗ ಜಾಲರಿಯನ್ನು ಅವುಗಳ ಮೇಲೆ ಹಾಕಿ. ನೀಲಿ ಮತ್ತೆ 90 ಮುಟ್ಟಲೇಬೇಕೆಂಬ ಹಟ ಬೇಡ. ನಿಮ್ಮ ಹಳೆಯ 90 ಎಂಬುದು ಉಪ್ಪು ಕಟ್ಟಿದ ಗಾಜಿನ, ಹಳದಿ ನೀರಿನ 90; ಈಗಿನ ಸ್ವಚ್ಛ ನೀರಿನಲ್ಲಿ 65 ಅಥವಾ 70ರಲ್ಲಿಯೇ ಅಷ್ಟು ಬೆಳಕು ಹವಳವನ್ನು ತಲುಪುತ್ತಿರಬಹುದು.

ಕಾರ್ಬನನ್ನು ಗಾಬರಿಯಿಂದ ಹೊರಗೆ ತೆಗೆಯಬೇಡಿ. ತೆಗೆದರೆ ಮತ್ತೆ ಹಳದಿಯಾಗುತ್ತದೆ, ಮತ್ತೆ ಹಾಕಿದ ದಿನ ಇದೇ ಕಥೆ. ಇನ್ನು ಮುಂದೆ ಸ್ವಲ್ಪ ಪ್ರಮಾಣವನ್ನು ಸದಾ ಇಟ್ಟು, ತಿಂಗಳಿಗೊಮ್ಮೆ ಬದಲಾಯಿಸಿದರೆ ಬೆಳಕು ಏರಿಳಿಯುವುದಿಲ್ಲ.

ದೀಪ ಉರಿಯುವ ಅವಧಿಯನ್ನು ಕಡಿಮೆ ಮಾಡಿದರೆ ಸಾಲದೇ ಎಂದು ನೀವು ಕೇಳಬಹುದು. ಹತ್ತು ಗಂಟೆ ಕಾಲ ಒಂದೇ ಸಮನೆ 100 ಪಾರ್ ಬಿದ್ದರೆ ದಿನದ ಒಟ್ಟು 3.6 ಮೋಲ್; ಐದು ಗಂಟೆ ಕಾಲ 200 ಬಿದ್ದರೂ ಅಷ್ಟೇ. ಕಾಗದದ ಮೇಲೆ ಎರಡೂ ಒಂದೇ. ಆದರೆ 100ಕ್ಕೆ ಸಜ್ಜಾದ ಹವಳಕ್ಕೆ 200ರ ಮೊದಲ ಗಂಟೆಯಲ್ಲಿಯೇ ಪೆಟ್ಟು ಬೀಳಲು ಶುರುವಾಗುತ್ತದೆ. ಆದ್ದರಿಂದ ತೀವ್ರತೆಯನ್ನು ಮೊದಲು ಇಳಿಸಿ. ಅವಧಿಯನ್ನು ಎಂಟು ಗಂಟೆಗೆ ತಂದರೆ ಅದು ಹೆಚ್ಚುವರಿ ಅನುಕೂಲ.

ಬಿಳಿಚಿಕೊಂಡ ಮಶ್ರೂಮ್‌ಗಳನ್ನು ಸತ್ತವೆಂದು ಎಸೆಯಬೇಡಿ. ಅಂಗಾಂಶ ಗಟ್ಟಿಯಾಗಿದ್ದು, ಕರಗಿ ಲೋಳೆಯಾಗದೆ ಇರುವವರೆಗೂ ಅವು ಬದುಕಿಯೇ ಇವೆ, ಊಟವಿಲ್ಲ ಅಷ್ಟೆ. ವಾರಕ್ಕೆರಡು ಸಲ, ಪಂಪು ನಿಲ್ಲಿಸಿ, ಸಣ್ಣಗೆ ಹೆಚ್ಚಿದ ಸಿಗಡಿಯನ್ನೋ ಹೆಪ್ಪುಗಟ್ಟಿಸಿದ ಸೈಕ್ಲಾಪ್ಸ್ ಎಂಬ ಸೂಕ್ಷ್ಮ ಜಲಜೀವಿಗಳನ್ನೋ ತುಸುವೇ ಹಾಕಿ. ಇದರಿಂದ ನಿಮ್ಮ ಫಾಸ್ಫೇಟ್ ಕೂಡ ಸೊನ್ನೆಯಿಂದ ಮೇಲೆದ್ದೀತು.

ವಡಭಾಂಡ, ಮಲ್ಪೆ

ತಡವಾಗಿ ನೋಡಿದೆ. ಮೇಲಿನವರು ಬೆಳಕಿನ ಬಗ್ಗೆ ಹೇಳಿದ್ದರಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ. ಎರಡು ಮಾತು ಸೇರಿಸುತ್ತೇನೆ.

ಮೊದಲನೆಯದು ಸೆಖೆ. ನಿಮ್ಮ 27.5 ಡಿಗ್ರಿ ಈಗ ನೀರನ್ನು ತಂಪಾಗಿಸುವ ಚಿಲ್ಲರ್ ಓಡುತ್ತಿರುವಾಗಿನ ಅಳತೆಯಾಗಿರಬೇಕು. ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಎರಡು ಗಂಟೆ ಕರೆಂಟು ಹೋದರೆ ನೀರು 29 ದಾಟುವುದು ಏನೂ ಕಷ್ಟವಲ್ಲ. ಬೆಳಕು ಮತ್ತು ಸೆಖೆ ಕೈಜೋಡಿಸಿದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಮಂಗಳೂರಿನ ಹಳೆ ಬಂದರಿನಿಂದ ಸರಕು ಹೋಗುವ ಲಕ್ಷದ್ವೀಪದಲ್ಲಿಯೇ 1998, 2010, 2016 ಮತ್ತು 2024ರಲ್ಲಿ ಸಮುದ್ರ ಬಿಸಿಯೇರಿ ಹವಳಗಳು ವ್ಯಾಪಕವಾಗಿ ಬಿಳಿಚಿಕೊಂಡವು. ವಾಡಿಕೆಯ ಬೇಸಗೆಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ ಸಾಕು. ಸಮುದ್ರದಲ್ಲೂ ಬಿಸಿಲು ನೇರ ಬೀಳುವ ಮೇಲ್ಮೈ ಮೊದಲು ಬಿಳಿಯಾಗಿ, ನೆರಳಿನ ಮಗ್ಗುಲು ಬಣ್ಣ ಉಳಿಸಿಕೊಂಡಿರುವುದು ಎಷ್ಟೋ ಕಡೆ ಕಂಡುಬರುತ್ತದೆ. ಆದ್ದರಿಂದ ಬೆಳಕು ಏರಿಸುವ ಈ ಐದಾರು ವಾರಗಳಲ್ಲಿ ನೀರನ್ನು 26ರ ಆಸುಪಾಸಿನಲ್ಲಿಡಿ. ಕರೆಂಟು ಹೋಗಿ ನೀರು ಬಿಸಿಯಾದ ದಿನ ದೀಪವನ್ನು ಹಾಕಲೇಬೇಡಿ. ಒಂದು ದಿನ ಕತ್ತಲಲ್ಲಿದ್ದರೆ ಯಾವ ಹವಳವೂ ಸಾಯುವುದಿಲ್ಲ. ಹರಿವನ್ನು ಮಾತ್ರ ನಿಲ್ಲಿಸಬೇಡಿ. ನೀರು ಚೆನ್ನಾಗಿ ಆಡುತ್ತಿದ್ದರೆ ಹವಳದ ಮೈಯಿಂದ ಹಾನಿಕಾರಕ ಪದಾರ್ಥಗಳು ಬೇಗ ತೊಳೆದುಹೋಗುತ್ತವೆ, ಅದೇ ಬೆಳಕನ್ನು ಅದು ಹೆಚ್ಚು ತಾಳಿಕೊಳ್ಳುತ್ತದೆ.

ಎರಡನೆಯದು ನೀವು ಬರೆದ ಟಾರ್ಚ್ ಹವಳ. ಅದು ಗಟ್ಟಿ ಹವಳಗಳ ಗುಂಪಿಗೆ, ಅಂದರೆ ಸ್ಕ್ಲೆರಾಕ್ಟಿನಿಯಕ್ಕೆ ಸೇರಿದ್ದು. ಈ ಗುಂಪು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಚ್ಛೇದದಲ್ಲಿದೆ. ಹುಲಿ, ಆನೆಗಳಿಗಿರುವ ರಕ್ಷಣೆಯೇ ಇದಕ್ಕೂ. ಮಾರುವವರು ಏನೇ ಹೇಳಲಿ, ಕಾಗದಪತ್ರಗಳ ಬಗ್ಗೆ ಅರಣ್ಯ ಇಲಾಖೆಯಲ್ಲಿ ವಿಚಾರಿಸದೆ ಮುಂಗಡ ಕೊಡಬೇಡಿ. ಮುರುಡೇಶ್ವರದಿಂದ ನೇತ್ರಾಣಿಗೆ ಡೈವಿಂಗಿಗೆ ಹೋಗಿ ಒಂದು ತುಂಡು ತರುತ್ತೇನೆನ್ನುವವರು ನಮ್ಮ ನಡುವೆಯೂ ಇದ್ದಾರೆ, ಅಂಥವರಿಗೂ ಇದೇ ಮಾತು. ಮೃದು ಹವಳಗಳಲ್ಲಿಯೇ ಒಂದು ಜನ್ಮಕ್ಕಾಗುವಷ್ಟು ವೈವಿಧ್ಯವಿದೆ, ಅವು ಕೇಳುವ ಬೆಳಕೂ ಕಡಿಮೆ. ಕರೆಂಟ್ ಬಿಲ್ಲೂ ಕಡಿಮೆ ಬರುತ್ತದೆ.

ತೋಟದಮನೆ, ಕುಲಶೇಖರ

ಹಳೆಯವೂ ಮುದುಡಿವೆ ಎಂದು ತಿಳಿದ ಮೇಲೆ ‘ದೀಪ ಮುಟ್ಟಬೇಡಿ’ ಎಂದ ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ವಾರಕ್ಕೊಂದು ಸಲ ಜಾಗ ಬದಲಿಸುವ ಪದ್ಧತಿಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಇನ್ನೊಂದು ಸೂಚನೆ: ಪ್ರತಿ ಭಾನುವಾರ ಒಂದೇ ಹೊತ್ತಿನಲ್ಲಿ, ಬಿಳಿ ದೀಪದಲ್ಲಿ ಮಾತ್ರ, ಒಂದೇ ಜಾಗದಿಂದ ಫೋಟೋ ತೆಗೆದಿಡಿ. ನೀಲಿ ಬೆಳಕಿನಲ್ಲಿ ಎಲ್ಲ ಹವಳಗಳೂ ಹೊಳೆಯುತ್ತವೆ, ಬಿಳಿಚಿಕೊಂಡದ್ದಂತೂ ಇನ್ನೂ ಹೆಚ್ಚು ಹೊಳೆದು ಮೋಸಮಾಡುತ್ತದೆ. ನನ್ನ ಮೊದಲ ಮಶ್ರೂಮ್ ಗುಂಪನ್ನು ‘ಎಷ್ಟು ಚೆನ್ನಾಗಿ ಮಿನುಗುತ್ತಿದೆ’ ಎಂದುಕೊಳ್ಳುತ್ತಲೇ ಕಳೆದುಕೊಂಡೆ. ನನ್ನ ಬಳಿ ಒಂದು ಪಾರ್ ಮೀಟರ್ ಇದೆ; ಕುಲಶೇಖರದ ಕಡೆ ಬಂದರೆ ಎರಡು ದಿನದ ಮಟ್ಟಿಗೆ ಒಯ್ಯಬಹುದು.

ಕದ್ರಿಗುಡ್ಡೆ, ಮಂಗಳೂರು

ಆರು ವಾರಗಳ ನಂತರ ಬರೆಯುತ್ತಿದ್ದೇನೆ. ಮೀಟರ್ ಕೊಟ್ಟ ತೋಟದಮನೆಯವರಿಗೆ ಮೊದಲ ವಂದನೆ. ಅಳೆದು ನೋಡಿದಾಗ ನನ್ನ ಹಳೆಯ ಅಂಕಿಗಳಲ್ಲಿ, ಸ್ವಚ್ಛ ಗಾಜಿನ ಕೆಳಗೆ, ಮಶ್ರೂಮ್‌ಗಳನ್ನು ಮೊದಲು ಇಟ್ಟಿದ್ದ ಜಾಗಕ್ಕೆ 260 ಪಾರ್ ಬೀಳುತ್ತಿತ್ತು. ನೀಲಿ 50ಕ್ಕೆ ಇಳಿಸಿದಾಗ ಅದೇ ಜಾಗದಲ್ಲಿ 125. ಕೆಳಗಿನ ಎಡಮೂಲೆಯಲ್ಲಿ 45.

ಮಶ್ರೂಮ್ ಕಲ್ಲನ್ನು ಅದೇ ದಿನ ಎಡಮೂಲೆಗೆ ಇಳಿಸಿ ಮತ್ತೆ ಮುಟ್ಟಲಿಲ್ಲ. ಹಳೆಯ ಲೆದರ್ ಐದನೆಯ ದಿನ ಪಾಲಿಪ್ ಚಾಚಿತು. ಜೊಯಾಂಥಿಡ್‌ಗಳಲ್ಲಿ ಒಂದು ಫ್ರ್ಯಾಗ್ ಎರಡನೆಯ ವಾರ, ಇನ್ನೊಂದು ನಾಲ್ಕನೆಯ ವಾರ ತೆರೆದುಕೊಂಡವು. ನಡುವೆ ನೀಲಿಯನ್ನು 60ಕ್ಕೆ ಏರಿಸಿದ ಮರುದಿನ ಎರಡೂ ಮುಚ್ಚಿಕೊಂಡಿದ್ದರಿಂದ 55ಕ್ಕೆ ಇಳಿಸಿ ಒಂದು ವಾರ ಕಾದೆ, ಅವುಗಳ ಮೇಲೆ ಎರಡು ಪದರ ಜಾಲರಿಯನ್ನೂ ಹಾಕಿದೆ. ಫಿಂಗರ್ ಲೆದರ್ ನೆಟ್ಟಗೆ ನಿಂತಿದೆ. ಮಶ್ರೂಮ್‌ಗಳಲ್ಲಿ ಒಂದು ಕರಗಿಹೋಯಿತು. ಉಳಿದ ಐದರಲ್ಲಿ ಮೂರಕ್ಕೆ ಕೆಂಪು ಮರಳಿದೆ. ಅಂಚು ಬಿಳಿಯಾಗಿದ್ದ ಒಂದು, ಇನ್ನೊಂದು ತೀರ ಸೊರಗಿದ್ದು, ಇವೆರಡಕ್ಕೂ ನಡುವಿನಿಂದ ಕಂದು ಬಣ್ಣ ನಿಧಾನವಾಗಿ ಹಬ್ಬುತ್ತಿದೆ. ಫಾಸ್ಫೇಟ್ ಈಗ 0.04.

ನೀಲಿ 65ರಲ್ಲಿ, ಬಿಳಿ 20ರಲ್ಲಿ ನಿಂತಿದೆ. ಅಲ್ಲಿಯೇ ಇರಲೆಂದು ತೀರ್ಮಾನಿಸಿದ್ದೇನೆ. ಟಾರ್ಚ್ ಬೇಡವೆಂದು ಮಾರಾಟಗಾರರಿಗೆ ತಿಳಿಸಿದೆ. ಮುಚ್ಚಳದ ಗಾಜನ್ನು ಉಪ್ಪು ಕಟ್ಟಲು ಬಿಡದೆ ಪ್ರತಿ ಭಾನುವಾರ, ಫೋಟೋ ತೆಗೆಯುವ ಮುನ್ನ ಒರೆಸುತ್ತಿದ್ದೇನೆ.